ನಡೆಯುವ ಜನರೊಡನೆ ನಡೆಯುವ ನಾದ: ವಾದ್ಯವೃಂದದ ಐವತ್ತನೆಯ ವಾರ್ಷಿಕೋತ್ಸವದ ಭಾಷಣ



ನಮ್ಮ ದೇವಾಲಯವು ನೂರು ವರ್ಷಗಳನ್ನು ಪೂರೈಸಿದ ಈ ಶುಭವರ್ಷದಲ್ಲಿಯೇ ನಮ್ಮ ಹಿತ್ತಾಳೆ ವಾದ್ಯವೃಂದವೂ ಐವತ್ತು ವರ್ಷಗಳನ್ನು ಮುಗಿಸಿರುವುದು ದೇವರ ಕೃಪೆ. ಇಂದಿನ ವಾದ್ಯಗೋಷ್ಠಿಗೆ ಮುನ್ನ, ಈ ವಾದ್ಯಗಳಿಗೂ ಧರ್ಮಸಭೆಗೂ ಇರುವ ಸಂಬಂಧವನ್ನು ಕುರಿತು ವಾದಕರಾದ ನಾವು ಎರಡು ಮಾತು ಅರಿಕೆ ಮಾಡಿಕೊಳ್ಳುತ್ತೇವೆ.

ಈ ಸಂಬಂಧ ಇಂದು ನಿನ್ನೆಯದಲ್ಲ. ವೆನಿಸ್ ನಗರದ ಸಂತ ಮಾರ್ಕರ ದೇವಾಲಯದ ಜಿಯೊವಾನಿ ಗೇಬ್ರಿಯೇಲಿಯವರು ಒಂದು ಗುಂಪಿಗೆ ಮತ್ತೊಂದು ಗುಂಪು ಉತ್ತರಿಸುವಂತೆ ಸ್ವರಸಂಯೋಜನೆ ಮಾಡಿದರು. 1597ರಲ್ಲಿ ಅಚ್ಚಾದ ಅವರ ಕೃತಿಗಳಲ್ಲಿ ಟ್ರಾಂಬೋನುಗಳಿಗೆ ಗೌರವದ ಸ್ಥಾನವಿದೆ. ಆದರೆ ಅಂದಿನ ತುತೂರಿಗೆ ಎಲ್ಲ ಸ್ವರಗಳೂ ನಿಲುಕುತ್ತಿರಲಿಲ್ಲ. 1818ರಲ್ಲಿ ಸ್ಟೋಲ್ಝೆಲ್ ಮತ್ತು ಬ್ಲೂಮೆಲ್ ಎಂಬಿಬ್ಬರು ವಾಲ್ವಿಗೆ ಪೇಟೆಂಟ್ ಪಡೆದರು. ಬೆರಳೊತ್ತಿದೊಡನೆ ಕೊಳವೆಯ ಉದ್ದ ಹೆಚ್ಚಿ ಸ್ವರ ಇಳಿಯುವ ಈ ಅನುಕೂಲದಿಂದ, ಇಂಗ್ಲೆಂಡಿನ ಗಣಿ ಕಾರ್ಖಾನೆಗಳ ಕೆಲಸಗಾರರ ಬ್ಯಾಂಡುಗಳೂ ಬೆಳೆದವು.

1903ರ ನವೆಂಬರ್ 22ರಂದು, ಸಂಗೀತಗಾರರ ಪಾಲಕಿಯಾದ ಸಂತ ಸಿಸಿಲಿಯ ಹಬ್ಬದ ದಿನ, ಜಗದ್ಗುರು ಹತ್ತನೆಯ ಪಿಯುಸರು ಹೊರಡಿಸಿದ ಆದೇಶವು ದೇವಾಲಯದೊಳಗೆ ಬ್ಯಾಂಡ್ ನುಡಿಸುವುದನ್ನು ಸಾಮಾನ್ಯವಾಗಿ ನಿಷೇಧಿಸಿತು. ಹೊರಗಿನ ಮೆರವಣಿಗೆಗಳಲ್ಲಿ, ಲೌಕಿಕ ಹಾಡುಗಳನ್ನು ನುಡಿಸದಿದ್ದರೆ, ಧರ್ಮಾಧ್ಯಕ್ಷರು ಅನುಮತಿ ನೀಡಬಹುದಾಗಿತ್ತು. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಆರ್ಗನ್ನಿನ ಹಿರಿಮೆಯನ್ನು ಎತ್ತಿಹಿಡಿದು, ಪವಿತ್ರ ಕಾರ್ಯಕ್ಕೆ ಒಪ್ಪುವ ಇತರ ವಾದ್ಯಗಳಿಗೂ ಅವಕಾಶವಿತ್ತಿತು. ಎರಡರ ಸಾರವೂ ಒಂದೇ: ವಾದ್ಯವು ಆರಾಧನೆಯ ಸೇವಕ, ಒಡೆಯನಲ್ಲ.

ಈ ಸೇವೆಯನ್ನೇ ನಮ್ಮ ಹಿರಿಯರು ನಮಗೆ ಕಲಿಸಿದರು. ಹಬ್ಬದ ಮೆರವಣಿಗೆಯಲ್ಲಿ ಮುಂದೆ ನಡೆದಂತೆಯೇ, ಅಂತ್ಯಯಾತ್ರೆಯಲ್ಲಿ ಸಮಾಧಿಭೂಮಿಯವರೆಗೂ ನಡೆದಿದ್ದೇವೆ. ಆದರೆ ಇಂದು ನಮ್ಮ ಸಂಖ್ಯೆ ಕುಗ್ಗಿದೆ. ತರುಣರು ಓದಿಗೂ ಉದ್ಯೋಗಕ್ಕೂ ಊರು ಬಿಡುತ್ತಿದ್ದಾರೆ. ಧ್ವನಿವರ್ಧಕದಲ್ಲಿ ಹಾಡು ಹಾಕಿದರೆ ಸಾಲದೇ ಎಂದು ಕೇಳುವವರೂ ಇದ್ದಾರೆ. ಸಾಲದು. ಶವಪೆಟ್ಟಿಗೆಯ ಹಿಂದೆ ಬರುವ ವೃದ್ಧ ತಾಯಿ ಬಳಲಿದಾಗ ಧ್ವನಿವರ್ಧಕವು ತನ್ನ ಲಯವನ್ನು ನಿಧಾನಗೊಳಿಸಲಾರದು. ವಾದಕನು ನಿಧಾನಗೊಳಿಸಬಲ್ಲನು, ಏಕೆಂದರೆ ಅವನೂ ಅವಳೊಡನೆ ನಡೆಯುತ್ತಿದ್ದಾನೆ.

ಹಿತ್ತಾಳೆಯ ವಾದ್ಯವು ತಣ್ಣಗಿರುವಾಗ ಅದರ ಶ್ರುತಿ ಇಳಿದಿರುತ್ತದೆ. ಮನುಷ್ಯನ ಉಸಿರು ತಾಕಿ ಬೆಚ್ಚಗಾದ ಬಳಿಕವೇ ಅದು ಸರಿಯಾದ ಶ್ರುತಿಗೆ ಏರುತ್ತದೆ. ನುಡಿಸುವವರಿಲ್ಲದೆ ನಮ್ಮ ಬೀರುವಿನಲ್ಲಿರುವ ವಾದ್ಯಗಳೂ ಅಂತಹ ಉಸಿರಿಗಾಗಿ ಕಾದಿವೆ. ತಂದೆತಾಯಿಗಳೇ, ಗಂಡು ಹೆಣ್ಣೆಂಬ ಭೇದವೆಣಿಸದೆ ನಿಮ್ಮ ಮಕ್ಕಳನ್ನು ಭಾನುವಾರದ ಪೂಜೆಯ ಬಳಿಕ ಅಭ್ಯಾಸಕ್ಕೆ ಕಳುಹಿಸಿಕೊಡಿರೆಂದು ಬೇಡಿಕೊಳ್ಳುತ್ತೇವೆ. ಕಲಿಸಲು ಹಿರಿಯ ವಾದಕರು ಸಿದ್ಧರಿದ್ದಾರೆ.

ಈ ವೃಂದವನ್ನು ಕಟ್ಟಿ ಬೆಳೆಸಿ, ಪ್ರಭುವಿನಲ್ಲಿ ನಿದ್ರಿಸಿರುವ ಹಿರಿಯರನ್ನು ಕೃತಜ್ಞತೆಯಿಂದ ಸ್ಮರಿಸುತ್ತಾ, ಇಂದಿನ ಮೊದಲ ಗೀತೆಯನ್ನು ಅವರಿಗೆ ಅರ್ಪಿಸುತ್ತೇವೆ. ಸರ್ವರಿಗೂ ದೇವರ ಆಶೀರ್ವಾದವಿರಲಿ.