ಸೊಂಟನೋವಿಗೆ ಆಯಿಯ ಎಣ್ಣೆಯೂ ಇರಲಿ, ಡಾಕ್ಟರೂ ಇರಲಿ



ಶಹಾಬಾದದ ಗಣಿಯಲ್ಲಿ ಫರ್ಸಿ ಕಲ್ಲು ಎತ್ತಿದವರು, ವಾಡಿಯಲ್ಲಿ ಸಿಮೆಂಟ್ ಚೀಲ ಹೊತ್ತವರು, ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಹೊಲಗಳಲ್ಲಿ ಬಗ್ಗಿ ತೊಗರಿ ಕೊಯ್ದವರು ಇಲ್ಲಿ ಕೂತಿದ್ದೀರಿ. ಸೊಂಟ ಹೆಂಗದ ಅಂತ ಕೇಳಿದರೆ ಅರ್ಧ ಸಭೆ ಕೈ ಎತ್ತೀತು. ಕಾಯಕವನ್ನು ಕೊಂಡಾಡುವ ನಾವು, ಕಾಯಕದಲ್ಲಿ ಸವೆದ ಸೊಂಟದ ಬಗ್ಗೆ ಮಾತಾಡುವುದು ಕಡಿಮೆ.

ಮೂರು ತಿಂಗಳು ದಾಟಿದ ನೋವಿಗೆ ಒಂದೇ ಮದ್ದು ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಹಳೆಯ ಸೊಂಟನೋವಿನ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ವ್ಯಾಯಾಮ, ತಿಳಿವಳಿಕೆ, ಮಾಲೀಸು, ಮನಸ್ಸಿಗೆ ಧೈರ್ಯ ತುಂಬುವ ಆಪ್ತಸಲಹೆ, ಬೇಕಾದಾಗ ನೋವಿನ ಗುಳಿಗೆ, ಇವೆಲ್ಲ ಅದರಲ್ಲಿವೆ. ಸೊಂಟದ ಪಟ್ಟಿಯನ್ನು ಎಲ್ಲರಿಗೂ ರೂಢಿಯಂತೆ ಕೊಡುವುದು ಬೇಡ ಎಂದಿದೆ. ನಮ್ಮಲ್ಲಿ ಎಷ್ಟು ಜನ ಅದನ್ನು ವರ್ಷಗಟ್ಟಲೆ ಕಟ್ಟಿಕೊಂಡಿಲ್ಲ!

ಹಾಗಾದರೆ ಆಯಿ ಔಡಲೆಣ್ಣೆ ತಿಕ್ಕಿ, ಲಕ್ಕಿ ತಪ್ಪಲು ಹಾಕಿ ಕಾಸಿದ ನೀರು ಹೊಯ್ಯುವುದನ್ನು ಬಿಡಬೇಕಿಲ್ಲ. ಬಿಸಿಗೆ ಬಿಗಿದ ಸ್ನಾಯು ಸಡಿಲಾಗುತ್ತದೆ. ಆ ಸಡಿಲಿನಲ್ಲೇ ಫಿಜಿಯೋಥೆರಪಿಯವರು ಕಲಿಸಿದ ವ್ಯಾಯಾಮ ಮಾಡಿದರೆ ಎರಡೂ ಕೂಡಿ ಕೆಲಸ ಮಾಡುತ್ತವೆ. ಸಕ್ಕರೆ ಕಾಯಿಲೆಯವರು ಮಾತ್ರ ಹುಷಾರು. ಜೋಮು ಹಿಡಿದ ಪಾದಕ್ಕೆ ಬಿಸಿ ಇಟ್ಟಿಗೆ ಇಟ್ಟರೆ ಸುಟ್ಟದ್ದೂ ಗೊತ್ತಾಗುವುದಿಲ್ಲ.

12ನೆಯ ಶತಮಾನದ ಶರಣ ವೈದ್ಯ ಸಂಗಣ್ಣನವರಿಗೆ ವೈದ್ಯವೇ ಕಾಯಕವಾಗಿತ್ತು. ಅಂಥವರನ್ನು ನೆನೆಯುವ ನಾವು ನೋವಿಗೆ ಹಿಂದಿನ ಜನ್ಮದ ಕರ್ಮ ಎಂದು ತಾಯಿತ ಕಟ್ಟುವುದು, ಬರೆ ಹಾಕಿಸುವುದು ಯಾವ ನ್ಯಾಯ?

ನನಗೆ ಹೆಚ್ಚು ಅಂಜಿಕೆ ಇರುವುದು ಹೆಸರಿಲ್ಲದ ಪುಡಿಯ ಪೊಟ್ಟಣಕ್ಕೆ. ಎರಡೇ ದಿನದಲ್ಲಿ ನೋವು ಮಾಯವಾದರೆ ಅದರಲ್ಲಿ ಸ್ಟಿರಾಯ್ಡ್ ಬೆರೆಸಿರಬಹುದು. ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಎಲುಬು ಟೊಳ್ಳಾಗುತ್ತದೆ. ಬಹಳ ದಿನ ತಿಂದು ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯ, ಡಾಕ್ಟರ ಮುಂದೆ ಹೇಳಿಯೇ ಬಿಡಬೇಕು. ಔಷಧದ ಅಂಗಡಿಯಿಂದ ಚೀಟಿ ಇಲ್ಲದೆ ತಂದ ಡೈಕ್ಲೋಫೆನಾಕ್ ಕೂಡ ದಿನವೂ ನುಂಗಿದರೆ ಹೊಟ್ಟೆ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ನಮ್ಮ ಜನ ವೈದ್ಯರಿಗೆ ಡಾಕ್ಟರ ಗುಳಿಗೆ ಹೇಳುವುದಿಲ್ಲ, ಡಾಕ್ಟರಿಗೆ ವೈದ್ಯರ ಪುಡಿ ಹೇಳುವುದಿಲ್ಲ. ಬೈದಾರು ಎಂಬ ನಾಚಿಕೆ. ಕೆಡುಕು ಆಗುವುದು ಅಲ್ಲೇ.

ಕಾಲಿನ ಬಲ ಹೋದರೆ, ಮೂತ್ರ ಹಿಡಿತ ತಪ್ಪಿದರೆ ಎಣ್ಣೆ ತಿಕ್ಕುತ್ತ ಕೂಡಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಜ್ವರ ಬರುತ್ತಿದ್ದರೆ, ಮೈ ಇಳಿಯುತ್ತಿದ್ದರೂ ತೋರಿಸಲೇಬೇಕು. ಬೆನ್ನೆಲುಬಿಗೂ ಕ್ಷಯ ಬರುತ್ತದೆ. ಇ.ಎಸ್.ಐ. ಕಾರ್ಡ್ ಇದ್ದವರಿಗೆ ಕಲಬುರಗಿಯಲ್ಲಿ ಇ.ಎಸ್.ಐ.ಸಿ. ಆಸ್ಪತ್ರೆ ಇದೆ, ಇಲ್ಲದವರಿಗೆ ಜಿಮ್ಸ್ ಇದೆ. ಹೋದರೆ ಒಂದು ದಿನದ ಕೂಲಿ ಹೋಗುತ್ತದೆ, ಬಲ್ಲೆ. ಅದಕ್ಕೇ ಪೂಜ್ಯರಲ್ಲಿ ಒಂದು ಬಿನ್ನಹ: ತಿಂಗಳಿಗೊಮ್ಮೆ ಫಿಜಿಯೋಥೆರಪಿಯವರನ್ನು ಮಠಕ್ಕೇ ಕರೆಸಬೇಕು, ಸಂಜೆ ಪ್ರಾರ್ಥನೆ ಮುಗಿದ ಮೇಲೆ ತಾಯಂದಿರ ವ್ಯಾಯಾಮಕ್ಕೆ ಸಭಾಂಗಣ ಬಿಟ್ಟುಕೊಡಬೇಕು. ಬರುವಾಗ ಮನೆಯಲ್ಲಿರುವ ಗುಳಿಗೆ, ಪುಡಿ, ಎಣ್ಣೆ ಎಲ್ಲ ಒಂದೇ ಚೀಲದಲ್ಲಿ ಹಾಕಿಕೊಂಡು ಬನ್ನಿ.