ಹಳೆಯ ಎಂಜಿನ್ನಿಗೆ ಹದವಾದ ಶ್ರುತಿ



ತಂಬೂರಿಯ ತಂತಿಯನ್ನು ಬಿಗಿಯಬಲ್ಲವರು ಬಹಳ. ಎಲ್ಲಿ ನಿಲ್ಲಿಸಬೇಕೆಂದು ಬಲ್ಲವರು ವಿರಳ. ಇಂಗ್ಲಿಷಿನಲ್ಲಿ ವಾದ್ಯದ ಶ್ರುತಿಗೂ ಮೋಟಾರು ಎಂಜಿನ್ನನ್ನು ಚುರುಕುಗೊಳಿಸುವ ಕೆಲಸಕ್ಕೂ ‘ಟ್ಯೂನಿಂಗ್’ ಎಂಬ ಒಂದೇ ಹೆಸರಿರುವುದು ಉಚಿತವಾಗಿಯೇ ಇದೆ. ಹಳೆಯ ಕಾರಿಗೆ ಅದರ ಸ್ವಭಾವ ಕೆಡದಂತೆ ಕೊಂಚ ಶಕ್ತಿ ತುಂಬಬೇಕಾದರೆ ಬಿಡಿಭಾಗಗಳನ್ನು ಆರಿಸುವ ಬಗೆ ಯಾವುದು? ಒಂದು ಉದಾಹರಣೆಯ ಮೂಲಕ ಹೇಳುತ್ತೇನೆ.

ಬ್ರಿಟನ್ನಿನ ಮಾರಿಸ್ ಮೈನರ್ ಕಾರನ್ನು ತೆಗೆದುಕೊಳ್ಳೋಣ. ಅಲೆಕ್ ಇಸಿಗೋನಿಸ್ ರೂಪಿಸಿದ ಈ ಪುಟ್ಟ ವಾಹನ 1948ರಲ್ಲಿ ಹೊರಬಂದಿತು. 1952ರಿಂದ ಅದಕ್ಕೆ ‘ಎ-ಸೀರೀಸ್’ ಎಂಜಿನ್ ಒದಗಿತು. ಮೊದಲಿಗೆ 803 ಸಿ.ಸಿ. ಇದ್ದ ಅದರ ಗಾತ್ರ 1956ರಲ್ಲಿ 948ಕ್ಕೆ, 1962ರಲ್ಲಿ 1098ಕ್ಕೆ ಬೆಳೆಯಿತು. ಈ ಕೊನೆಯ ಎಂಜಿನ್ನಿನ ಸಾಮರ್ಥ್ಯ 48 ಅಶ್ವಶಕ್ತಿ. ಇಂದಿಗೂ ಆ ದೇಶದಲ್ಲಿ ಇವುಗಳನ್ನು ಓಡಿಸುವವರಿದ್ದಾರೆ; ಬಿಡಿಭಾಗಗಳೂ ಧಾರಾಳವಾಗಿ ದೊರೆಯುತ್ತವೆ. ತೊಡಕು ಇರುವುದೂ ಅಲ್ಲಿಯೇ. ಅಂಗಡಿಯ ಪಟ್ಟಿ ಉದ್ದವಾದಷ್ಟೂ ಕೊಳ್ಳುವವನ ಆಸೆ ಉದ್ದವಾಗುತ್ತದೆ.

ಎಂಜಿನ್ ಎಂಬುದು ಉಸಿರಾಡುವ ಯಂತ್ರ. ಎ-ಸೀರೀಸಿನ ನಾಲ್ಕು ಸಿಲಿಂಡರುಗಳಿಗೆ ಗಾಳಿ ಒಳಬರಲು ಇರುವುದು ಎರಡೇ ದಾರಿ. ಹೊಗೆ ಹೊರಹೋಗಲು ಮೂರು. ಹೀಗಿರುವಾಗ ದೊಡ್ಡ ಕಾರ್ಬ್ಯುರೇಟರೊಂದನ್ನು ಮಾತ್ರ ತಂದು ಕೂರಿಸಿದರೆ ಫಲವೇನು? ಪಾತ್ರೆಯ ಕೊರಳು ಕಿರಿದಾಗಿರುವಾಗ ಕೊಡದಿಂದ ಸುರಿದರೇನು, ತಂಬಿಗೆಯಿಂದ ಸುರಿದರೇನು? ಭಾಗಗಳನ್ನು ಬಿಡಿಬಿಡಿಯಾಗಿ ಆರಿಸದೆ, ಉಸಿರಿನ ದಾರಿಯನ್ನು ಉದ್ದಕ್ಕೂ ಗಮನಿಸಿ ಆರಿಸಬೇಕು.

ಇದಕ್ಕೆ ಕಾರ್ಖಾನೆಯೇ ಮೇಲ್ಪಂಕ್ತಿ ಹಾಕಿಕೊಟ್ಟಿದೆ. 1962ರ ಎಂ.ಜಿ. 1100 ಕಾರಿನಲ್ಲಿ ಇದೇ 1098 ಸಿ.ಸಿ. ಎಂಜಿನ್ 55 ಅಶ್ವಶಕ್ತಿ ಕೊಡುತ್ತಿತ್ತು. ಅದರ ಸಿಲಿಂಡರ್ ಹೆಡ್ಡಿನ ವಾಲ್ವುಗಳು ಹಿರಿದು, ದಾರಿಗಳು ಸರಾಗ. ಆದ್ದರಿಂದ ನಾನು ಮೊದಲು ಸೂಚಿಸುವುದು ಆ ಹೆಡ್ಡನ್ನೇ. ಬ್ರಿಟನ್ನಿನಲ್ಲಿ 2000ನೆಯ ಇಸವಿಯ ಆರಂಭದಿಂದ ಸೀಸ ಬೆರೆತ ಪೆಟ್ರೋಲಿನ ಸಾಮಾನ್ಯ ಮಾರಾಟ ನಿಂತಿದೆ. ಆದಕಾರಣ ಹೆಡ್ಡನ್ನು ಕೂರಿಸುವ ಮುನ್ನ ಹೊಗೆ ವಾಲ್ವುಗಳಿಗೆ ಗಟ್ಟಿ ಲೋಹದ ಪೀಠಗಳನ್ನು ಹಾಕಿಸುವುದು ಲೇಸು. ಅದರ ಜೊತೆಗೆ ಸಲೀಸಾದ ಹೊಗೆಕೊಳವೆ. ಒಂದೂಕಾಲು ಅಂಗುಲದ ಎಸ್.ಯು. ಕಾರ್ಬ್ಯುರೇಟರಿನ ಬದಲು ಒಂದೂವರೆ ಅಂಗುಲದ್ದು. ಅದರೊಳಗೆ ಏರಿಳಿಯುವ ಸಪೂರವಾದ ಸೂಜಿಯನ್ನು ಮರೆಯಬಾರದು. ಗಾಳಿಗೆ ತಕ್ಕಷ್ಟು ಪೆಟ್ರೋಲನ್ನು ಅಳೆದು ಕೊಡುವುದು ಅದೇ. ಉಸಿರು ಬದಲಾದರೆ ಸೂಜಿಯೂ ಬದಲಾಗಬೇಕು. ಕಿಡಿ ಹಾರುವ ಗಳಿಗೆಯನ್ನೂ ಮತ್ತೆ ಹೊಂದಿಸಬೇಕು.

ಇಷ್ಟಕ್ಕೂ ಮುಂಚಿನ ಕೆಲಸವೊಂದುಂಟು. ನಾಲ್ಕೂ ಸಿಲಿಂಡರುಗಳ ಒತ್ತಡ ಸಮನಾಗಿದೆಯೆ, ಡಿಸ್ಟ್ರಿಬ್ಯೂಟರಿನ ದಂಡ ಅಲುಗುತ್ತಿಲ್ಲವೆ ಎಂದು ನೋಡಬೇಕು. ಸವೆದ ಎಂಜಿನ್ನಿಗೆ ಶಕ್ತಿ ತುಂಬುವುದು ನಿತ್ರಾಣನಾದವನನ್ನು ಓಟಕ್ಕೆ ನಿಲ್ಲಿಸಿದಂತೆ.

ಇನ್ನು ಬಿಡಬೇಕಾದುದು. ತೀಕ್ಷ್ಣವಾದ ಕ್ಯಾಮ್ ಶಾಫ್ಟ್ ಹಾಕಿದರೆ ಶಕ್ತಿ ಬರುವುದು ನಿಜ. ಆದರೆ ಅದು ಬರುವುದು ಎಂಜಿನ್ ಬಹು ವೇಗವಾಗಿ ತಿರುಗಿದಾಗ. ಪೇಟೆಯ ನಿಧಾನ ಸಂಚಾರದಲ್ಲಿ ಕಾರು ಮುಗ್ಗರಿಸುತ್ತದೆ. ಮೇಲಾಗಿ ಈ ಎಂಜಿನ್ನಿನ ಕ್ರ್ಯಾಂಕ್ ದಂಡವನ್ನು ಹಿಡಿದಿರುವುದು ಮೂರೇ ಮುಖ್ಯ ಬೇರಿಂಗುಗಳು. ಪಿಸ್ಟನ್ನಿನ ಓಟವೋ ಸುಮಾರು 84 ಮಿಲಿಮೀಟರು. ಅತಿವೇಗವನ್ನು ಅದು ಬಹುಕಾಲ ಸಹಿಸಲಾರದು. ಯಾವ ಭಾಗ ಎಲ್ಲಕ್ಕಿಂತ ದುರ್ಬಲವೋ ಅದು ಎಳೆದ ಗೆರೆಯೇ ನಮ್ಮ ಆಸೆಗೂ ಗೆರೆಯಾಗಬೇಕು.

ಬ್ರೇಕಿನ ಮಾತನ್ನೂ ಹೇಳಿಬಿಡುತ್ತೇನೆ. ಎಂಜಿನ್ನನ್ನು 1098ಕ್ಕೆ ಹಿಗ್ಗಿಸಿದಾಗ ತಯಾರಕರು ಮುಂದಿನ ಬ್ರೇಕ್ ಡ್ರಮ್ಮುಗಳನ್ನು ಏಳು ಅಂಗುಲದಿಂದ ಎಂಟಕ್ಕೆ ಏರಿಸಿದರು. ಓಡುವ ಶಕ್ತಿ ಹೆಚ್ಚಿದಾಗ ನಿಲ್ಲುವ ಶಕ್ತಿಯೂ ಹೆಚ್ಚಬೇಕೆಂಬ ಈ ವಿವೇಕವನ್ನು ಅಂಗಡಿಯ ಪಟ್ಟಿಗಳು ಮೊದಲ ಪುಟದಲ್ಲಿ ಅಚ್ಚುಹಾಕುವುದಿಲ್ಲ. ಏಳೆಂಟು ಅಶ್ವಶಕ್ತಿಯ ಆಸೆಗೆ ಪ್ರಾಣವನ್ನು ಒತ್ತೆಯಿಡುವುದು ಯಾವ ಲೆಕ್ಕ?

ಬಿಚ್ಚಿದ ಮೂಲಭಾಗಗಳನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಜೋಪಾನವಾಗಿಡಿ. ಮುಂದೆ ಆ ಕಾರಿಗೆ ಒಡೆಯನಾಗುವವನಿಗೆ ಅವು ಬೇಕಾದಾವು. ಬಾನೆಟ್ ಎತ್ತಿ ನೋಡಿದವನಿಗೆ ಹೆಚ್ಚೇನೂ ಕಾಣದೆ, ಏರುದಾರಿ ಹತ್ತಿದವನಿಗೆ ಮಾತ್ರ ವ್ಯತ್ಯಾಸ ತಿಳಿದರೆ, ಶ್ರುತಿ ಹದವಾಗಿ ಕೂಡಿತೆಂದೇ ಅರ್ಥ.