ಕೃತಕ ಕಾಲಿನ ಸಾಕೆಟ್: ನಡೆಯುವಾಗ ಭಾರ ಎಲ್ಲಿ ಬೀಳುತ್ತದೆ?

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ಕೃತಕ ಅಂಗ ತಂತ್ರಜ್ಞರೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ಕೃತಕ ಕಾಲು ಎಂದೊಡನೆ ನಮ್ಮೆಲ್ಲರ ಕಣ್ಣಮುಂದೆ ಬರುವುದು ಪಾದ. ಅದಕ್ಕೆ ಕಾರಣವೂ ಇದೆ. 1960ರ ದಶಕದ ಕೊನೆಯಲ್ಲಿ ಜೈಪುರದ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಮೂಳೆತಜ್ಞ ಡಾ. ಪಿ.ಕೆ. ಸೇಠಿ ಅವರು ರೂಪಿಸಿದ ರಬ್ಬರಿನ ಪಾದವು ನಮ್ಮ ದೇಶದ ಜೀವನಕ್ರಮಕ್ಕೆ ಹೊಂದುವಂಥದ್ದಾಗಿತ್ತು. ಅದನ್ನು ತೊಟ್ಟವರು ಬರಿಗಾಲಿನಲ್ಲಿ ನಡೆಯಬಲ್ಲವರಾದರು, ನೆಲದ ಮೇಲೆ ಕುಳಿತು ಊಟ ಮಾಡಬಲ್ಲವರಾದರು, ಕೆಸರುಗದ್ದೆಗೂ ಇಳಿಯಬಲ್ಲವರಾದರು. ಆದರೆ ನಾನು ಇಂದು ಪಾದದ ವಿಷಯವನ್ನಲ್ಲ, ಅದರ ಮೇಲಿನ ಬಟ್ಟಲಿನ ವಿಷಯವನ್ನು ನಿಮ್ಮ ಮುಂದಿಡಲು ಬಂದಿದ್ದೇನೆ. ಶಸ್ತ್ರಚಿಕಿತ್ಸೆಯ ನಂತರ ಉಳಿದ ಕಾಲು ಒಳಗೆ ಇಳಿದು ಕೂರುವ ಆ ಬಟ್ಟಲಿಗೆ ಸಾಕೆಟ್ ಎನ್ನುತ್ತಾರೆ. ಕೃತಕ ಕಾಲು ಮನುಷ್ಯನ ದೇಹವನ್ನು ಮುಟ್ಟುವುದು ಅಲ್ಲಿಯೇ.

ಮೊದಲು ಒಂದು ಪ್ರಸಂಗವನ್ನು ಹೇಳುತ್ತೇನೆ. ಸಕ್ಕರೆ ಕಾಯಿಲೆಯಿಂದ ಮಂಡಿಯ ಕೆಳಗೆ ಕಾಲು ಕಳೆದುಕೊಂಡ ರೈತರೊಬ್ಬರ ಮನೆಗೆ ಹೋಗಿದ್ದೆ. ಶಿಬಿರವೊಂದರಲ್ಲಿ ಅವರಿಗೆ ಕಾಲು ದೊರೆತು ಒಂದು ವರ್ಷವಾಗಿತ್ತು. ಕಾಲು ಅಟ್ಟದ ಮೇಲಿತ್ತು. ಅವರು ಜಗುಲಿಯ ಮೇಲಿದ್ದರು. ಇಳಿಸಿ ನೋಡಿದೆ. ಪಾದ ಸವೆದಿರಲಿಲ್ಲ, ಪಟ್ಟಿ ಹರಿದಿರಲಿಲ್ಲ. ಸಾಕೆಟ್ಟಿನ ತಳದಲ್ಲಿ ಹಳೆಯ ಪಂಚೆಯ ಚೂರುಗಳನ್ನು ತುರುಕಿದ್ದರು. ಕಾಲು ಕೊಟ್ಟಾಗ ಅಳತೆಗೆ ಸರಿಯಾಗಿದ್ದ ಬಟ್ಟಲು ಆರು ತಿಂಗಳಲ್ಲಿ ಸಡಿಲವಾಗಿತ್ತು; ಬಟ್ಟೆ ತುರುಕಿ ನಡೆದರು; ಮೂಳೆಯ ತುದಿಯಲ್ಲಿ ಹುಣ್ಣಾಯಿತು; ಕಾಲು ಅಟ್ಟ ಸೇರಿತು. ಗ್ರಾಮಸಭೆಗೆ ತಪ್ಪದೆ ಬರುತ್ತಿದ್ದವರು ಬರುವುದನ್ನು ನಿಲ್ಲಿಸಿದರು. ಆದರೆ ದಾಖಲೆಯಲ್ಲಿ ಅವರ ಹೆಸರಿನ ಮುಂದೆ ‘ಸೌಲಭ್ಯ ಒದಗಿಸಲಾಗಿದೆ’ ಎಂದೇ ಇತ್ತು. ಆ ದಾಖಲೆಯಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಆ ಮನುಷ್ಯ ನಡೆಯುತ್ತಿರಲಿಲ್ಲ.

ಹೀಗೇಕೆ ಆಗುತ್ತದೆ ಎಂಬುದನ್ನು ತಿಳಿಯಲು ಭಾರದ ಲೆಕ್ಕವನ್ನು ನೋಡಬೇಕು. ನಮ್ಮ ಹೆಣ್ಣುಮಕ್ಕಳು ತುಂಬಿದ ಕೊಡವನ್ನು ಬರಿತಲೆಯ ಮೇಲೆ ಇಡುವುದಿಲ್ಲ, ಸಿಂಬಿ ಇಟ್ಟುಕೊಳ್ಳುತ್ತಾರೆ. ಸಿಂಬಿಯಿಂದ ಕೊಡದ ಭಾರ ಕಡಿಮೆಯಾಗುವುದಿಲ್ಲ, ಹರಡಿಕೊಳ್ಳುತ್ತದೆ. ಸಾಕೆಟ್ಟಿನ ಕೆಲಸವೂ ಅದೇ. 60 ಕಿಲೋ ತೂಕದ ವ್ಯಕ್ತಿ ನಡೆಯುವಾಗ ಹೆಜ್ಜೆ ಊರಿದ ಕಾಲಿನ ಮೇಲೆ ಬೀಳುವ ಬಲವು ದೇಹದ ತೂಕವನ್ನೂ ಮೀರಿ ಸುಮಾರು 65ರಿಂದ 70 ಕಿಲೋದಷ್ಟಾಗುತ್ತದೆ. ಅದು 300 ಚದರ ಸೆಂಟಿಮೀಟರ್ ಚರ್ಮದ ಮೇಲೆ ಹರಡಿದರೆ ಪ್ರತಿ ಚದರ ಸೆಂಟಿಮೀಟರಿಗೆ ಕಾಲು ಕಿಲೋಗಿಂತ ಕಡಿಮೆ. ಅದೇ ಬಲ 10 ಚದರ ಸೆಂಟಿಮೀಟರಿನಷ್ಟು ಜಾಗದಲ್ಲಿ ಬಿದ್ದರೆ ಸುಮಾರು 7 ಕಿಲೋ! ಒಂದು ಕಿಲೋಮೀಟರ್ ನಡೆದರೆ ಆ ಕಾಲು ಏಳೆಂಟು ನೂರು ಸಲ ನೆಲ ಮುಟ್ಟುತ್ತದೆ. ಅಷ್ಟೂ ಸಲ ಅದೇ ಜಾಗ ಒತ್ತಿಸಿಕೊಳ್ಳುತ್ತದೆ.

ಉಳಿದ ಕಾಲಿನ ಎಲ್ಲ ಭಾಗಗಳೂ ಭಾರವನ್ನು ಸಮನಾಗಿ ಹೊರಲಾರವು. ಮಂಡಿಚಿಪ್ಪಿನ ಕೆಳಗಿನ ಗಟ್ಟಿ ಸ್ನಾಯುರಜ್ಜು, ಕಣಕಾಲಿನ ಮೂಳೆಯ ಮೇಲ್ತುದಿಯ ಒಳಬದಿ, ಹಿಂಬದಿಯ ಮೀನಖಂಡ, ಇವು ಒತ್ತಡವನ್ನು ತಾಳುತ್ತವೆ. ಮಂಡಿಯ ಹೊರಬದಿಯಲ್ಲಿ ಬೆರಳಿಗೆ ತಾಕುವ ಸಣ್ಣ ಮೂಳೆಯ ಗುಬ್ಬಿ, ಕಣಕಾಲಿನ ಮುಂಭಾಗದ ಚೂಪಾದ ಅಂಚು, ಕತ್ತರಿಸಿದ ಮೂಳೆಯ ತುದಿ, ಇವು ತಾಳುವುದಿಲ್ಲ. ಅಲ್ಲಿ ಚರ್ಮಕ್ಕೂ ಮೂಳೆಗೂ ನಡುವೆ ಮಾಂಸವೇ ಇಲ್ಲ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಬರ್ಕ್‌ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಜ್ಞರು ರೂಪಿಸಿದ ಸಾಕೆಟ್ಟಿನ ವಿನ್ಯಾಸವು ಈ ತಿಳಿವಳಿಕೆಯ ಮೇಲೆಯೇ ನಿಂತಿದೆ: ತಾಳುವ ಕಡೆ ಒತ್ತಬೇಕು, ತಾಳದ ಕಡೆ ಬಿಡಬೇಕು, ಆದರೆ ಎಲ್ಲಿಯೂ ಪೂರ್ತಿ ಬಿಟ್ಟುಬಿಡಬಾರದು. ಮಂಡಿಯ ಕೆಳಗಿನ ಕಾಲುಗಳಿಗೆ ಇಂದಿಗೂ ಬಹುಮಟ್ಟಿಗೆ ಈ ತತ್ತ್ವವನ್ನೇ ಅನುಸರಿಸಲಾಗುತ್ತಿದೆ.

ನಿಂತಾಗ ಸರಿಯಾಗಿದ್ದ ಸಾಕೆಟ್ ನಡೆಯುವಾಗಲೂ ಸರಿಯಾಗಿರುತ್ತದೆ ಎಂದು ಭಾವಿಸಬಾರದು. ಬೇಲಿಯ ಗೂಟವನ್ನು ಕೀಳಲು ಹಿಂದೆ ಮುಂದೆ ಅಲ್ಲಾಡಿಸುವುದನ್ನು ನೀವೆಲ್ಲ ಕಂಡಿದ್ದೀರಿ. ಗೂಟದ ತಲೆಯನ್ನು ಒಂದು ಕಡೆಗೆ ತಳ್ಳಿದರೆ ಅದರ ಬುಡ ಗುಳಿಯ ಇನ್ನೊಂದು ಬದಿಯನ್ನು ಒತ್ತುತ್ತದೆ. ಸಾಕೆಟ್ಟಿನೊಳಗೆ ಉಳಿದ ಕಾಲಿನ ಗತಿಯೂ ಹಾಗೆಯೇ. ಹಿಮ್ಮಡಿ ನೆಲಕ್ಕೆ ತಾಕಿದ ಬಳಿಕ ಮಂಡಿ ಮಡಚದಂತೆ ತೊಡೆಯ ಸ್ನಾಯು ಬಿಗಿಯುತ್ತದೆ. ಆಗ ಮುಂಭಾಗದ ಕೆಳತುದಿಯೂ ಹಿಂಭಾಗದ ಮೇಲ್ಗಡೆಯೂ ಒತ್ತುತ್ತವೆ. ಪಾದದ ತುದಿಯಿಂದ ನೆಲವನ್ನು ಒದ್ದು ಮುಂದೆ ಸಾಗುವಾಗ ಇದು ತಿರುವುಮುರುವಾಗಿ, ಮಂಡಿಚಿಪ್ಪಿನ ಕೆಳಭಾಗವೂ ಹಿಂಭಾಗದ ಕೆಳಗಡೆಯೂ ಒತ್ತುತ್ತವೆ. ಕಾಲನ್ನು ಮೇಲೆತ್ತಿದಾಗ ಸಾಕೆಟ್ ತನ್ನ ತೂಕದಿಂದ ಕೆಳಕ್ಕೆ ಜಗ್ಗುತ್ತದೆ. ಬಟ್ಟಲು ಬಿಗಿಯಾಗಿ ಹೊಂದಿಕೊಂಡಿದ್ದರೆ ಈ ಚಲನೆ ಅತ್ಯಲ್ಪ. ಸಡಿಲವಾಗಿದ್ದರೆ ಪ್ರತಿ ಹೆಜ್ಜೆಗೂ ಕಾಲು ಒಳಗೆ ಇಳಿದು ಏರುತ್ತದೆ, ಚರ್ಮ ಉಜ್ಜುತ್ತದೆ. ಎತ್ತಿನ ಹೆಗಲಿಗೆ ಹುಣ್ಣಾಗುವುದು ನೊಗದ ತೂಕದಿಂದ ಮಾತ್ರವಲ್ಲ, ನೊಗದ ಉಜ್ಜಾಟದಿಂದ ಎಂಬುದನ್ನು ರೈತರಿಗೆ ನಾನು ಹೇಳಬೇಕಾಗಿಲ್ಲ.

ಸಾಕೆಟ್ ಏಕೆ ಸಡಿಲವಾಗುತ್ತದೆ? ಬಟ್ಟಲು ಹಿಗ್ಗುವುದಿಲ್ಲ, ಕಾಲು ಕುಗ್ಗುತ್ತದೆ. ಶಸ್ತ್ರಚಿಕಿತ್ಸೆಯ ಬಾವು ಇಳಿಯುತ್ತದೆ, ಮೊದಲಿನಷ್ಟು ಕೆಲಸವಿಲ್ಲದ ಸ್ನಾಯು ಕ್ಷೀಣಿಸುತ್ತದೆ. ಮೊದಲ ವರ್ಷದಲ್ಲಿ ಈ ಬದಲಾವಣೆ ಅತಿ ಹೆಚ್ಚು. ದಿನದೊಳಗೂ ಬೆಳಿಗ್ಗೆ ಇದ್ದ ಗಾತ್ರ ಸಂಜೆಗೆ ಇರುವುದಿಲ್ಲ. ಅದಕ್ಕಾಗಿಯೇ ಉಳಿದ ಕಾಲಿಗೆ ಹತ್ತಿಯ ಅಥವಾ ಉಣ್ಣೆಯ ಕಾಲುಚೀಲಗಳನ್ನು ಕೊಡುತ್ತಾರೆ. ಸಡಿಲವೆನಿಸಿದಾಗ ಒಂದನ್ನು ಹೆಚ್ಚಿಗೆ ಹಾಕಿಕೊಳ್ಳಬೇಕು. ಚೀಲಗಳ ಮೇಲೆ ಚೀಲ ಹಾಕಿದರೂ ಹೊಂದದಿದ್ದರೆ ಸಾಕೆಟ್ ಬದಲಾಯಿಸುವ ಕಾಲ ಬಂದಿದೆ ಎಂದರ್ಥ. ತಳದಲ್ಲಿ ಬಟ್ಟೆ ತುರುಕುವುದು ಪರಿಹಾರವಲ್ಲ. ಅದು ಭಾರವನ್ನೆಲ್ಲ ಮೂಳೆಯ ತುದಿಗೆ ಒಯ್ಯುತ್ತದೆ.

ಸಮಸ್ಯೆಯ ಗಂಟು ಇರುವುದು ಇಲ್ಲಿಯೇ. ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಡಿ ಒಮ್ಮೆ ಸಾಧನ ಪಡೆದ ವಯಸ್ಕರು ಅದೇ ಉದ್ದೇಶಕ್ಕೆ ಮತ್ತೆ ನೆರವು ಪಡೆಯಲು ಮೂರು ವರ್ಷ ಕಾಯಬೇಕು. ಆದರೆ ಹೊಸದಾಗಿ ಕಾಲು ಕಳೆದುಕೊಂಡವರ ಮೊದಲ ಸಾಕೆಟ್ ಒಂದು ವರ್ಷ ಬಾಳುವುದೂ ಕಷ್ಟ. ಈ ನಡುವಿನ ಅವಧಿಯಲ್ಲಿ ಆ ವ್ಯಕ್ತಿಯನ್ನು ಕೈಹಿಡಿಯಬಲ್ಲ ಅತಿ ಸಮೀಪದ ಸಂಸ್ಥೆ ಗ್ರಾಮ ಪಂಚಾಯಿತಿಯೇ.

ತಾವು ಮಾಡಬಹುದಾದುದು ಇಷ್ಟು:

1. ವಿಕಲಚೇತನರ ವಹಿಯಲ್ಲಿ ‘ಕಾಲು ನೀಡಿದ ದಿನಾಂಕ’ದ ಪಕ್ಕದಲ್ಲಿ ‘ಈಗ ತೊಡುತ್ತಿದ್ದಾರೆಯೇ’ ಎಂಬ ಅಂಕಣವನ್ನು ಸೇರಿಸಿರಿ. ಮೊದಲ ವರ್ಷ ಒಂದು, ಮೂರು, ಆರು ಹಾಗೂ ಹನ್ನೆರಡನೆಯ ತಿಂಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಮನೆಗೆ ಹೋಗಿ ಅದನ್ನು ತುಂಬಲಿ.

2. ಅವರು ಬಿಚ್ಚಿದ ಕಾಲನ್ನು ನೋಡಲಿ. ಸಾಕೆಟ್ ತೆಗೆದ ಹತ್ತು ನಿಮಿಷದಲ್ಲಿ ಕೆಂಪು ಗುರುತು ಮಾಯವಾದರೆ ಚಿಂತೆಯಿಲ್ಲ. ಅರ್ಧ ಗಂಟೆಯ ಮೇಲೂ ಉಳಿದರೆ, ಗುಳ್ಳೆ ಎದ್ದರೆ, ತುದಿಯ ಚರ್ಮ ಕಪ್ಪಾಗಿ ಒರಟಾದರೆ ನಡಿಗೆ ನಿಲ್ಲಿಸಿ ಕೇಂದ್ರಕ್ಕೆ ಕರೆದೊಯ್ಯಬೇಕು. ಸಕ್ಕರೆ ಕಾಯಿಲೆ ಇರುವವರಿಗೆ ಸ್ಪರ್ಶಜ್ಞಾನ ಕುಂದಿರುವುದರಿಂದ ‘ನೋವಿಲ್ಲ’ ಎಂಬ ಅವರ ಮಾತನ್ನಷ್ಟೇ ನಂಬಬಾರದು, ಕಣ್ಣಾರೆ ನೋಡಲೇಬೇಕು.

3. ವಿಕಲಚೇತನರಿಗಾಗಿ ಮೀಸಲಿಟ್ಟ ಶೇ 5ರ ಅನುದಾನವನ್ನು ಮಾರ್ಗಸೂಚಿಯ ಮಿತಿಯೊಳಗೆ ಸಾಕೆಟ್ ಬದಲಾವಣೆ, ಕಾಲುಚೀಲಗಳ ಖರೀದಿ ಹಾಗೂ ಪ್ರಯಾಣ ವೆಚ್ಚಕ್ಕೂ ಬಳಸುವ ಬಗ್ಗೆ ಕ್ರಿಯಾಯೋಜನೆಯಲ್ಲಿ ಚರ್ಚಿಸಿರಿ. ದುರಸ್ತಿಗೆ ಹೋದವರು ಒಂದು ದಿನದ ಕೂಲಿಯನ್ನೂ ಬಸ್ಸಿನ ಖರ್ಚನ್ನೂ ಕಳೆದುಕೊಳ್ಳುತ್ತಾರೆ. ಹಲವರು ಹೋಗದಿರಲು ಅದೇ ಕಾರಣ.

4. ನಿಮ್ಮ ಊರಿನಲ್ಲಿ ವಿತರಣಾ ಶಿಬಿರ ನಡೆದರೆ ಸಂಘಟಕರಿಗೆ ಒಂದೇ ಪ್ರಶ್ನೆ ಕೇಳಿರಿ: ‘ಸಾಕೆಟ್ ಸಡಿಲವಾದರೆ ಎಲ್ಲಿಗೆ ಬರಬೇಕು?’ ಉತ್ತರವನ್ನು ಬರೆಸಿಕೊಳ್ಳಿರಿ.

ನಾನು ಹೇಳಿದ ರೈತರಿಗೆ ಹುಣ್ಣು ಮಾಯಲು ಎರಡು ತಿಂಗಳು ಹಿಡಿಯಿತು. ಬಳಿಕ ಹೊಸ ಅಳತೆ ತೆಗೆದು ಸಾಕೆಟ್ ಮಾತ್ರ ಬದಲಾಯಿಸಿದೆವು, ಪಾದ ಹಳೆಯದೇ. ಮೊದಲಿನಷ್ಟು ದೂರ ಅವರು ನಡೆಯಲಾರರು, ಆದರೆ ಹೊಲದ ಬದುವಿನವರೆಗೆ ಹೋಗಿಬರುತ್ತಾರೆ. ಕಾಲು ಅಟ್ಟದ ಮೇಲಿದ್ದ ಆ ತಿಂಗಳುಗಳು ಅವರಿಗೆ ಮರಳಿ ಬರುವುದಿಲ್ಲ. ನಿಮ್ಮ ವ್ಯಾಪ್ತಿಯಲ್ಲಿಯೂ ಯಾರದೋ ಮನೆಯ ಅಟ್ಟದ ಮೇಲೆ ಅಂಥದೊಂದು ಕಾಲು ಇರಬಹುದು. ಮುಂದಿನ ಗ್ರಾಮಸಭೆಯೊಳಗೆ ಅದನ್ನು ಹುಡುಕಿಸಿರಿ.